ವಿಡಂಬನೆಯ ಹಲ್ಲು ಕಿತ್ತವರು ಯಾರು?

ರಾಜಕೀಯ ವಿಡಂಬನೆಯ ಹೆಸರಾಂತ ಕೃತಿಯೊಂದು ಅಗ್ಗದ ಸಿನಿಮಾದವರ ಕೈಗೆ ಸಿಕ್ಕಿತೆಂದರೆ ಸಾಹಿತ್ಯಪ್ರಿಯರು ಮೂಗು ಮುರಿಯುತ್ತಾರೆ. ರಕ್ತ, ಬೆತ್ತಲೆ ಮೈ, ಅಬ್ಬರದ ಪೋಸ್ಟರುಗಳನ್ನೇ ನೆಚ್ಚಿಕೊಂಡವರು ವೋಲ್ಟೇರನನ್ನೋ ಸ್ವಿಫ್ಟನನ್ನೋ ಮುಟ್ಟಿದರೆ ಮೈಲಿಗೆ ಎಂಬ ಭಾವ. ಮೂಲಕೃತಿಗಳನ್ನು ಓದಿದವರೂ ಹೀಗೆನ್ನುವುದು ವಿಚಿತ್ರ. ಕ್ರಿ.ಪೂ. 411ರಲ್ಲಿ ಅರಿಸ್ಟೊಫೇನಿಸ್ ಆಡಿಸಿದ ‘ಲೈಸಿಸ್ಟ್ರಾಟಾ’ದಲ್ಲಿ ಯುದ್ಧ ನಿಲ್ಲಿಸಲು ಹೆಂಗಸರು ಗಂಡಂದಿರನ್ನು ಹಾಸಿಗೆಯಿಂದ ದೂರವಿಡುತ್ತಾರೆ, ಆ ಗಂಡಂದಿರ ಪಾಡು ವೇಷಭೂಷಣದಲ್ಲೇ ಎದ್ದು ಕಾಣುವಂತಿತ್ತು. ಸ್ವಿಫ್ಟನ ಗಲಿವರ್ ಲಿಲಿಪುಟ್ಟಿನ ಅರಮನೆಗೆ ಹತ್ತಿದ ಬೆಂಕಿಯನ್ನು ಮೂತ್ರ ಹೊಯ್ದು ಆರಿಸುತ್ತಾನೆ. ಅದೇ ಸ್ವಿಫ್ಟ್ 1729ರಲ್ಲಿ, ಐರ್ಲೆಂಡಿನ ಬಡವರ ಕೂಸುಗಳನ್ನು ಸಿರಿವಂತರ ಊಟಕ್ಕೆ ಮಾರಬಹುದೆಂದು ಲೆಕ್ಕಾಚಾರ ಸಮೇತ ಸಲಹೆ ಕೊಟ್ಟ. ಲೇಖಕನ ನಿಜ ಹೆಸರಿಲ್ಲದೆ 1759ರಲ್ಲಿ ಹೊರಬಂದ ವೋಲ್ಟೇರನ ‘ಕಾಂಡೀಡ್’ನಲ್ಲಂತೂ ಅತ್ಯಾಚಾರ, ಚಾಟಿಯೇಟು, ಜನರನ್ನು ಜೀವಂತ ಸುಡುವುದು ಎಲ್ಲವೂ ಇದೆ. ಒರಟುತನವೇ ಇವರ ಹತಾರ.

ಮರ್ಯಾದಸ್ಥ ಹಣ ಇಂಥ ಕೃತಿಗಳನ್ನು ಎಷ್ಟು ಜೋಪಾನ ಮಾಡಿದೆ ಎಂಬುದಕ್ಕೆ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಸಾಕ್ಷಿ. ಹಾಲಸ್ ಮತ್ತು ಬ್ಯಾಚಲರ್ ದಂಪತಿ 1954ರಲ್ಲಿ ಅದನ್ನು ಅಂದವಾದ ಅನಿಮೇಷನ್ ಚಿತ್ರ ಮಾಡಿದರು. ಅಶ್ಲೀಲ ಎನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೆ ಹಣ ಗುಟ್ಟಾಗಿ ಬಂದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯಿಂದ. ಕಾದಂಬರಿಯ ಕೊನೆಯಲ್ಲಿ ಹಂದಿ ಯಾವುದು, ಮನುಷ್ಯ ಯಾರು ಎಂದು ಕಿಟಕಿಯಾಚೆ ನಿಂತ ಪ್ರಾಣಿಗಳಿಗೆ ಗೊತ್ತಾಗುವುದಿಲ್ಲ. ಪೆಟ್ಟು ಎರಡೂ ಕಡೆಗೆ ಬೀಳುತ್ತದೆ. ಚಿತ್ರದಲ್ಲಿ ಆ ಮನುಷ್ಯರು ಮಾಯವಾಗಿ, ಪ್ರಾಣಿಗಳು ಹಂದಿಗಳ ಮೇಲೆ ಮತ್ತೆ ದಂಗೆ ಏಳುತ್ತವೆ. ಆರ್ವೆಲ್ ತೀರಿಕೊಂಡು ಆಗ ನಾಲ್ಕು ವರ್ಷ. ಇದಕ್ಕಿಂತ ದೊಡ್ಡ ಅಪಚಾರವನ್ನು ಯಾವ ಬಿ ಗ್ರೇಡ್ ನಿರ್ಮಾಪಕ ಎಸಗಿಯಾನು?

ಈಗ ಆ ಬಿ ಗ್ರೇಡ್ ಲೋಕದ ದೊರೆ ರೋಜರ್ ಕೋರ್ಮನ್ ಕಡೆ ನೋಡೋಣ. ಬಿಳಿಯರ ಶಾಲೆಗೆ ಕಪ್ಪು ಮಕ್ಕಳು ಸೇರುವುದರ ವಿರುದ್ಧ ಊರನ್ನು ಕೆರಳಿಸುವ ಪುಂಡನೊಬ್ಬನ ಕಥೆಯನ್ನು ಆತ 1962ರಲ್ಲಿ ‘ದಿ ಇಂಟ್ರೂಡರ್’ ಎಂದು ನೇರವಾಗಿ, ಗಂಭೀರವಾಗಿ ತೆಗೆದ. ವಿಮರ್ಶಕರು ಹೊಗಳಿದರು, ಹಣ ಮುಳುಗಿತು. ಆಮೇಲೆ ರಾಜಕೀಯ ಹೇಳಬೇಕಾದಾಗಲೆಲ್ಲ ಆತ ಅದನ್ನು ರೋಚಕತೆಯ ಒಳಗೆ ಅಡಗಿಸಿದ. ಅವನು ನಿರ್ಮಿಸಿ ಪಾಲ್ ಬಾರ್ಟೆಲ್ ನಿರ್ದೇಶಿಸಿದ ‘ಡೆತ್ ರೇಸ್ 2000’ (1975) ಇಬ್ ಮೆಲ್ಕಿಯೋರ್ ಬರೆದ ಸಣ್ಣಕಥೆಯೊಂದರ ರೂಪಾಂತರ. ಅದನ್ನು ಯಾರೂ ಕ್ಲಾಸಿಕ್ ಎನ್ನುವುದಿಲ್ಲ, ಆದರೂ ಚಿತ್ರದ ರಕ್ತಸಂಬಂಧ ಸ್ವಿಫ್ಟನೊಂದಿಗೇ. ದೇಶದ ಉದ್ದಗಲಕ್ಕೆ ನಡೆಯುವ ಕಾರ್ ರೇಸಿನಲ್ಲಿ ದಾರಿಹೋಕರನ್ನು ಕೊಂದಷ್ಟೂ ಅಂಕ. ಮುದುಕರಿಗೆ ಅಂಕ ಹೆಚ್ಚು. ಬಂಡುಕೋರರ ದಾಳಿಯನ್ನು ಸರ್ಕಾರ ಫ್ರೆಂಚರ ತಲೆಗೆ ಕಟ್ಟುತ್ತದೆ. ಆಸ್ಪತ್ರೆಯೊಂದರ ಸಿಬ್ಬಂದಿ ವೃದ್ಧರನ್ನು ಗಾಲಿಕುರ್ಚಿಗಳಲ್ಲಿ ತಂದು ರಸ್ತೆ ಮಧ್ಯೆ ಸಾಲಾಗಿ ಕೂರಿಸುತ್ತಾರೆ. ನಾಯಕನ ಕಾರು ಮುದುಕರನ್ನು ಬಿಟ್ಟು, ಬದಿಯಲ್ಲಿ ನಗುತ್ತ ನಿಂತ ಆ ಸಿಬ್ಬಂದಿಯ ಮೇಲೇ ಹರಿಯುತ್ತದೆ. ಬಡಜೀವವನ್ನು ಲೆಕ್ಕದ ಪಟ್ಟಿಗೆ ಇಳಿಸುವವರನ್ನು ಸ್ವಿಫ್ಟ್ ಹಿಡಿದದ್ದೂ ಹೀಗೆಯೇ.

ಪ್ರೇಕ್ಷಕ ಬಂದದ್ದು ತಲೆ ಒಡೆಯುವುದನ್ನು ನೋಡಲು, ವಿಡಂಬನೆ ಬರೀ ನೆಪ ಎಂದು ಆಕ್ಷೇಪಿಸಬಹುದು. ವಿಮರ್ಶಕ ರೋಜರ್ ಈಬರ್ಟ್ ಈ ಚಿತ್ರಕ್ಕೆ ಸೊನ್ನೆ ನಕ್ಷತ್ರ ಕೊಟ್ಟರು. ಬಾರ್ಟೆಲ್‌ಗೆ ಹಾಸ್ಯ ಬೇಕಿತ್ತು, ಕೋರ್ಮನ್‌ಗೆ ರಕ್ತ; ಆ ಜಗ್ಗಾಟ ಚಿತ್ರದಲ್ಲೂ ಕಾಣುತ್ತದೆ. ಆಕ್ಷೇಪಕ್ಕೆ ತೂಕವಿದೆ, ಆದರೆ ಅದು ಹೊಡೆಯಬೇಕಾದ ಗುರಿ ಬೇರೆ. ಇಟಲಿಯ ಯಾಕೊಪೆಟ್ಟಿ ಮತ್ತು ಪ್ರಾಸ್ಪೆರಿ ಜೋಡಿಯನ್ನು ನೋಡಿ. ಗುಲಾಮಗಿರಿಯನ್ನು ಖಂಡಿಸುತ್ತೇವೆಂದು ಹೇಳಿಕೊಂಡ ಇವರು ‘ಆದಿಯೊ ಜಿಯೊ ಟಾಮ್’ಗಾಗಿ (1971) ಸರ್ವಾಧಿಕಾರಿ ಡುವಾಲಿಯೆಯ ಹೈಟಿಗೆ ಹೋಗಿ, ಅಲ್ಲಿನ ಬಡವರನ್ನು ಬೆತ್ತಲೆಯಾಗಿ ಗುಲಾಮರ ಪಾತ್ರಕ್ಕೆ ನಿಲ್ಲಿಸಿದರು. 1975ರಲ್ಲಿ ಅದೇ ಜೋಡಿ ‘ಕಾಂಡೀಡ್’ ಅನ್ನು ‘ಮೊಂಡೊ ಕಾಂಡಿಡೊ’ ಎಂದು ತೆರೆಗೆ ತಂದಿತು. ವೋಲ್ಟೇರನ ಸುರಿನಾಮಿನಲ್ಲಿ ಕೈಕಾಲು ಕಳೆದುಕೊಂಡ ಗುಲಾಮ ತಾನೇ ಮಾತಾಡುತ್ತಾನೆ, ಯುರೋಪಿನವರು ತಿನ್ನುವ ಸಕ್ಕರೆಯ ಬೆಲೆ ಇದೆಂದು ಮುಖಕ್ಕೆ ಹೇಳುತ್ತಾನೆ. ಯಾಕೊಪೆಟ್ಟಿ ಜೋಡಿಯ ಕ್ಯಾಮೆರಾಗೆ ಅಂಥವನು ಬರೀ ಮೈ. ತಕರಾರು ಎತ್ತುವುದಾದರೆ ಇಲ್ಲಿ ಎತ್ತಬೇಕು: ನೊಂದವನ ಮೈಯನ್ನೇ ಸರಕು ಮಾಡಿದಾಗ.

ಹಣ ಹೆಚ್ಚಿದ್ದರೆ ‘ಡೆತ್ ರೇಸ್ 2000’ ಸುಧಾರಿಸುತ್ತಿತ್ತು ಎನ್ನುವವರಿಗೆ ಉತ್ತರ ಸಿಕ್ಕಿಯೂ ಆಗಿದೆ. 2008ರಲ್ಲಿ ಹಾಲಿವುಡ್ ಹತ್ತಾರು ಪಟ್ಟು ಹೆಚ್ಚು ಖರ್ಚು ಮಾಡಿ ‘ಡೆತ್ ರೇಸ್’ ಅನ್ನು ಮತ್ತೆ ತೆಗೆಯಿತು. ಕಾರುಗಳು ಭರ್ಜರಿಯಾಗಿದ್ದವು. ಆದರೆ ಓಟವನ್ನು ಜೈಲಿನ ಗೋಡೆಯೊಳಗೆ ಹಾಕಿದ್ದರು. ಮುದುಕರೂ ಇಲ್ಲ, ದಾರಿಹೋಕರೂ ಇಲ್ಲ, ಫ್ರೆಂಚರನ್ನು ಬೈಯುವ ಅಧ್ಯಕ್ಷನೂ ಇಲ್ಲ.