ಬಾಡಿಗೆ ಮೇಜಿನವರ ಪ್ರಣಾಳಿಕೆ

ಬೆಂಗಳೂರಿನ ಕೋರಮಂಗಲ, ಇಂದಿರಾನಗರ, ಎಚ್‌ಎಸ್‌ಆರ್ ಲೇಔಟ್‌ಗಳ ಕೋ-ವರ್ಕಿಂಗ್ ಜಾಗಗಳಲ್ಲಿ ತಿಂಗಳ ಬಾಡಿಗೆಗೆ ಮೇಜು ಹಿಡಿದು ದುಡಿಯುವ ನಾವು, ಅಲ್ಲೇ ನೆಲ ಒರೆಸುವ, ಕಾಫಿ ಕೊಡುವ, ಬಾಗಿಲು ಕಾಯುವವರ ಜೊತೆಗೂಡಿ ಈ ಸಂಘಟನೆ ಕಟ್ಟುತ್ತಿದ್ದೇವೆ. ಕಂಪನಿ ಬೇರೆ ಬೇರೆಯಾದರೂ ಉಸಿರಾಡುವ ಗಾಳಿ ಒಂದೇ. ಅದಕ್ಕೆ ಹೊಣೆ ಯಾರೆಂದು ಕರಾರುಪತ್ರದಲ್ಲಿ ಬರೆದಿರಬೇಕು.

ಕೋವಿಡ್ ಬಂದಾಗ ಈ ಜಾಗಗಳು ಬದಲಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಹಣೆಗೆ ಹಿಡಿಯುವ ಥರ್ಮಾಮೀಟರ್, ನೆಲಕ್ಕೆ ಹಳದಿ ಟೇಪು, ಮೇಜುಗಳ ನಡುವೆ ಪ್ಲಾಸ್ಟಿಕ್ ಪರದೆ, ಹೊತ್ತು ಹೊತ್ತಿಗೂ ಸ್ಯಾನಿಟೈಸರ್. ಕಿಟಕಿ ಮಾತ್ರ ತೆರೆಯಲಿಲ್ಲ. ಎಷ್ಟೋ ಕಡೆ ತೆರೆಯುವ ಕಿಟಕಿಯೇ ಇಲ್ಲ, ಮುಂಭಾಗವೆಲ್ಲ ಗಾಜು. ಗೋಡೆಯ ಸ್ಪ್ಲಿಟ್ ಎಸಿ ಸಾಮಾನ್ಯವಾಗಿ ಹೊರಗಿನ ಗಾಳಿ ತರುವುದಿಲ್ಲ. ಒಳಗಿನದನ್ನೇ ತಣಿಸಿ ಮತ್ತೆ ನಮ್ಮ ಮುಖಕ್ಕೆ ಊದುತ್ತದೆ.

2020ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಒಂದು ಕಟ್ಟಡದಲ್ಲಿ 97 ಮಂದಿಗೆ ಕೋವಿಡ್ ಸೋಂಕು ಪತ್ತೆಯಾಯಿತು. ಅವರಲ್ಲಿ 94 ಮಂದಿ 11ನೇ ಮಹಡಿಯವರು, ಹೆಚ್ಚಿನವರು ಅಲ್ಲಿನ ಕಾಲ್‌ಸೆಂಟರ್‌ನ ಒಂದೇ ಬದಿಯಲ್ಲಿ ಒತ್ತೊತ್ತಾಗಿ ಕೂತವರು. ಲಿಫ್ಟು, ಲಾಬಿ ಇಡೀ ಕಟ್ಟಡಕ್ಕೂ ಒಂದೇ ಆಗಿದ್ದವು. ಆದರೂ ಉಳಿದ ಮಹಡಿಗಳಲ್ಲಿ ಸಿಕ್ಕವರು ಮೂವರು. ತಾಸುಗಟ್ಟಲೆ ಒಟ್ಟಿಗೆ ಕೂರುವ ಕೋಣೆಯಲ್ಲೇ ಅಪಾಯವಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕೇ? 2021ರ ಮೇ ತಿಂಗಳಲ್ಲಿ ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಕೂಡ ಸೋಂಕಿನ ಸೂಕ್ಷ್ಮ ಹನಿಗಳು 10 ಮೀಟರ್‌ವರೆಗೂ ತೇಲಬಲ್ಲವೆಂದು ಎಚ್ಚರಿಸಿ, ಕಿಟಕಿ ತೆರೆಯಲು ಹೇಳಿತ್ತು.

ಗಾಳಿಯ ಈ ಪಾಠ ನಮ್ಮೂರಿಗೆ ಹೊಸದಲ್ಲ. 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು: ಅಗಲ ರಸ್ತೆ, ಮನೆಗಳ ಹಿಂದೆ ಗಲ್ಲಿ, ಗಾಳಿ ಬೆಳಕಿಗೆ ಜಾಗ. ಆದರೆ ಕೋವಿಡ್ ನಂತರ ನಮ್ಮ ಕಚೇರಿಗಳು ಪರದೆ ಕಳಚಿ, ಮೇಜುಗಳನ್ನು ಮತ್ತೆ ಒತ್ತರಿಸಿದವು. ಇದನ್ನು ನಾವು ಒಪ್ಪುವುದಿಲ್ಲ.

ಪ್ರತಿ ಮೀಟಿಂಗ್ ಕೋಣೆಯಲ್ಲೂ ಎಲ್ಲರಿಗೂ ಕಾಣುವಂತೆ, ಉಸಿರು ಬಿಟ್ಟ ಗಾಳಿ ಎಷ್ಟು ತುಂಬಿದೆ ಎಂದು ತಿಳಿಸುವ ಇಂಗಾಲದ ಡೈಆಕ್ಸೈಡ್ ಮೀಟರ್ ಇರಲಿ. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ. ಬಾಗಿಲು ಹಾಕಿ ಎಂಟು ಜನ ಕೂತರೆ ಅಂಕಿ ಏರುವುದನ್ನು ಯಾರು ಬೇಕಾದರೂ ನೋಡಬಹುದು. 800 ದಾಟಿದರೆ ಬಾಗಿಲು ತೆರೆಯಬೇಕು, ಇಲ್ಲವೇ ಜನ ಕಡಿಮೆಯಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದಂತೆ ತಲೆಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಒದಗಿಸುವುದು ಮಾಲೀಕರ ಕೆಲಸ. ಜ್ವರ ಬಂದ ಹೌಸ್‌ಕೀಪಿಂಗ್ ಅಕ್ಕಂದಿರಿಗೆ, ಕಾವಲಿನ ಅಣ್ಣಂದಿರಿಗೆ ಸಂಬಳ ಕಡಿಯದೆ ರಜೆ ಸಿಗಬೇಕು. ಏಜೆನ್ಸಿಯ ಕಡೆ ಕೈ ತೋರಿಸಿ ತಪ್ಪಿಸಿಕೊಳ್ಳಕೂಡದು. ಸೋಂಕಿನ ಕಾಲದಲ್ಲಿ ಸದಸ್ಯತ್ವ ನಿಲ್ಲಿಸಿದವರ ಠೇವಣಿ ಮುಟ್ಟುಗೋಲಾಗಬಾರದು.

ಮುಂದಿನ ಕರಾರು ನವೀಕರಿಸುವಾಗ ಪ್ರತಿಯೊಬ್ಬರೂ ಮೊದಲು ಮೀಟರಿನ ಅಂಕಿ ಕೇಳುತ್ತೇವೆ. ತೋರಿಸದ ಜಾಗಕ್ಕೆ ಸಹಿ ಹಾಕುವುದಿಲ್ಲ.