ಎದುರಾಳಿಯ ಒಳಿತನ್ನು ಹೇಳಲು ನಾಲಿಗೆ ಏಕೆ ತಡವರಿಸಬೇಕು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಮೊಹಲ್ಲಾಗಳಲ್ಲಿ ರಾಜಕಾರಣದ ಮಾತು ಬಂದಾಗಲೆಲ್ಲ ಒಂದು ಅಲಿಖಿತ ನಿಯಮ ಕೆಲಸ ಮಾಡುತ್ತದೆ. ಬಿಜೆಪಿಯವರು ಮಾಡಿದ ಯಾವ ಕೆಲಸವನ್ನೂ ಒಳ್ಳೆಯದೆಂದು ಹೇಳಕೂಡದು. 2023ರ ಸೆಪ್ಟೆಂಬರ್‌ನಲ್ಲಿ ಅವರ ಕೈ ಹಿಡಿದ ಬಳಿಕ ಜೆಡಿಎಸ್‌ನವರಿಗೂ ಅದೇ ನಿಯಮ ಅನ್ವಯವಾಗಿದೆ. ಹೇಳಿದವನು 'ಮಾರಿಕೊಂಡವನು'. ಆದರೆ ಅದೇ ನಾಯಕರ ಹುಟ್ಟುಹಬ್ಬಕ್ಕೆ ಸಮುದಾಯದ ಹೆಸರಿನಲ್ಲಿ ಫ್ಲೆಕ್ಸ್ ಕಟ್ಟಿ, ಹಾರ ಹಾಕಿ, ಸಣ್ಣಪುಟ್ಟ ಗುತ್ತಿಗೆ ಹಿಡಿದು ಬರುವವರಿಗೆ ಯಾವ ಬಿರುದೂ ಇಲ್ಲ! ಸತ್ಯ ಹೇಳಿದವನಿಗೆ ಕಳಂಕ, ಮುಖಸ್ತುತಿ ಮಾಡಿದವನಿಗೆ ಸಭೆಯಲ್ಲಿ ಮುಂದಿನ ಕುರ್ಚಿ. ಈ ವಿಪರ್ಯಾಸವನ್ನು ಇನ್ನೆಷ್ಟು ಕಾಲ ಸಹಿಸಿಕೊಂಡಿರಬೇಕು?

ಅತ್ಯಂತ ಕಠಿಣವಾದ ಉದಾಹರಣೆಯನ್ನೇ ಮೊದಲು ಎತ್ತಿಕೊಳ್ಳೋಣ. 2022ರ ಫೆಬ್ರವರಿ 5ರ ಸಮವಸ್ತ್ರ ಆದೇಶ ಹೊರಬಿದ್ದಾಗ ಶಿಕ್ಷಣ ಸಚಿವರಾಗಿದ್ದವರು ತಿಪಟೂರಿನ ಅಂದಿನ ಶಾಸಕ ಬಿ.ಸಿ. ನಾಗೇಶ್. ಶಿರವಸ್ತ್ರ ಧರಿಸಿದ ಕಾರಣಕ್ಕೆ ನಮ್ಮ ಹೆಣ್ಣುಮಕ್ಕಳು ಕಾಲೇಜಿನ ಗೇಟಿನಿಂದ ಮರಳಿದ್ದನ್ನು, ಪರೀಕ್ಷೆ ಕಳೆದುಕೊಂಡದ್ದನ್ನು ಈ ಸಮುದಾಯ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಪಠ್ಯಪುಸ್ತಕ ಪರಿಷ್ಕರಣೆಯ ಅನಾಹುತವೂ ಅವರ ಕಾಲದ್ದೇ. ಆದರೆ ಅದೇ ಸಚಿವರ ಅವಧಿಯಲ್ಲಿ, 2021ರ ಡಿಸೆಂಬರ್‌ನಲ್ಲಿ, ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆ ಕೊಡುವುದು ಆರಂಭವಾಯಿತು. ಹಲವು ಮಠಾಧೀಶರು ಬಹಿರಂಗವಾಗಿ ವಿರೋಧಿಸಿದರು. ಆ ವಿರೋಧ ಬಿಜೆಪಿಯ ಸ್ವಂತ ಮತಬ್ಯಾಂಕಿನ ಅಂಗಳದಿಂದಲೇ ಎದ್ದದ್ದು. ಯೋಜನೆ ನಿಲ್ಲಲಿಲ್ಲ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಎಂಬ ಆಯ್ಕೆಯನ್ನಿಟ್ಟು 2022ರಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಅದನ್ನು ವಿಸ್ತರಿಸಲಾಯಿತು. ಬಳಿಕ ಬಂದ ಕಾಂಗ್ರೆಸ್ ಸರ್ಕಾರ ಅದನ್ನು ಮುಂದುವರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನಗಳಾದವು. ಸರ್ಕಾರಿ ಉರ್ದು ಶಾಲೆಯ ಮಗುವಿನ ತಟ್ಟೆಗೆ ಬಿದ್ದ ಆ ಮೊಟ್ಟೆಯ ಹಿಂದೆ ನಾಗೇಶರ ಇಲಾಖೆಯೂ ಇತ್ತು ಎನ್ನಲು ನಮಗೇನು ಅಡ್ಡಿ? ಹಾಗೆಂದ ಮಾತ್ರಕ್ಕೆ ಫೆಬ್ರವರಿ 5ರ ಆದೇಶ ನ್ಯಾಯವಾಗಿಬಿಡುತ್ತದೆಯೇ?

2022ರ ಜೂನ್ 1ರಂದು ತಿಪಟೂರಿನ ಅವರ ಮನೆಗೆ ಕಾಂಗ್ರೆಸ್ಸಿನ ವಿದ್ಯಾರ್ಥಿ ಘಟಕದವರು ನುಗ್ಗಿ ಚಡ್ಡಿ ಸುಟ್ಟಾಗ ನಮ್ಮ ಕೆಲವು ಯುವಕರು ಸಿಹಿ ಸುದ್ದಿಯೆಂಬಂತೆ ಸಂಭ್ರಮಿಸಿದರು. ಆದೇಶದ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡಿದ ವಿದ್ಯಾರ್ಥಿನಿಯರಿಗಿದ್ದ ಘನತೆ ಆ ಸಂಭ್ರಮಕ್ಕೆ ಇರಲಿಲ್ಲ.

ಪ್ರವಾದಿ ಮುಹಮ್ಮದ್(ಸ)ರ ಜೀವನವನ್ನು ವೇದಿಕೆಗಳಲ್ಲಿ ಹಾಡಿ ಹೊಗಳುವ ನಾವು ಮುತ್‌ಇಮ್ ಬಿನ್ ಅದಿಯ ಪ್ರಸಂಗವನ್ನು ಎಷ್ಟು ಸಲ ಕೇಳಿದ್ದೇವೆ? ತಾಯಿಫ್‌ನಿಂದ ಗಾಯಗೊಂಡು ಮರಳಿದ ಪ್ರವಾದಿವರ್ಯರಿಗೆ ಮಕ್ಕಾ ಪ್ರವೇಶಿಸಲು ರಕ್ಷಣೆ ಕೊಟ್ಟವನು ಈ ಮುತ್‌ಇಮ್. ಆತ ಇಸ್ಲಾಮ್ ಸ್ವೀಕರಿಸಲಿಲ್ಲ. ವಿರೋಧಿಗಳ ಪಾಳಯದಲ್ಲಿದ್ದುಕೊಂಡೇ ತೀರಿಕೊಂಡ. ಬದ್ರ್ ಯುದ್ಧದ ನಂತರ ಕೈದಿಗಳ ವಿಚಾರ ಬಂದಾಗ, ಮುತ್‌ಇಮ್ ಬದುಕಿದ್ದು ಇವರ ಪರವಾಗಿ ಮಾತನಾಡಿದ್ದರೆ ಎಲ್ಲರನ್ನೂ ಬಿಟ್ಟುಬಿಡುತ್ತಿದ್ದೆನೆಂಬ ಅರ್ಥದ ಮಾತನ್ನು ಪ್ರವಾದಿವರ್ಯರು(ಸ) ಹೇಳಿದರು. ಯುದ್ಧಭೂಮಿಯ ನೆತ್ತರು ಆರುವ ಮುನ್ನವೇ ಎದುರು ಪಾಳಯದವನ ಉಪಕಾರದ ಸ್ಮರಣೆ! ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ಅನ್ಯಾಯಕ್ಕೆ ತಳ್ಳಬಾರದೆಂಬ ಪವಿತ್ರ ಕುರ್‌ಆನಿನ ಆದೇಶ ಚುನಾವಣೆಯ ಕಾಲಕ್ಕೆ ಅನ್ವಯಿಸುವುದಿಲ್ಲವೆಂದು ಯಾವ ವಿದ್ವಾಂಸರೂ ಹೇಳಿದ್ದನ್ನು ನಾವು ಕೇಳಿಲ್ಲ.

'ನೀವು ಹೊಗಳಿದರೆ ಅವರು ಅದನ್ನೇ ಪ್ರಚಾರಕ್ಕೆ ಬಳಸುತ್ತಾರೆ' ಎಂಬ ಆಕ್ಷೇಪವಿದೆ. ಬಳಸಲಿ. ನಾವು ಹೊಗಳುವುದು ಕೆಲಸವನ್ನು. ದಿನಾಂಕ ಸಮೇತ, ಅದೇ ಉಸಿರಿನಲ್ಲಿ ಅವರ ತಪ್ಪನ್ನೂ ಹೇಳಿ. ಅದನ್ನು ಫ್ಲೆಕ್ಸಿನ ಮೇಲೆ ಅಚ್ಚು ಹಾಕಿಸುವ ಧೈರ್ಯ ಯಾವ ಪಕ್ಷಕ್ಕಿದೆ?

ಎದುರಾಳಿಯ ಮಾತಿಗೆ ಕಿವಿ ಮುಚ್ಚಿಕೊಂಡರೆ ನಷ್ಟ ನಮಗೇ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮತಾಂತರ ವಿರೋಧಿ ಮಸೂದೆ ಬಂದಾಗ, ಚಿಕ್ಕನಾಯಕನಹಳ್ಳಿಯನ್ನು ಪ್ರತಿನಿಧಿಸುತ್ತಿದ್ದ ಅಂದಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿ ಅದನ್ನು ಸಮರ್ಥಿಸಿದರು. ಆ ಮಸೂದೆಯನ್ನು ನಾವು ಅಂದೂ ಒಪ್ಪಿಲ್ಲ, ಇಂದೂ ಒಪ್ಪುವುದಿಲ್ಲ. ಆದರೆ ಇದರ ಕರಡು ಸಿದ್ದರಾಮಯ್ಯನವರ ಹಿಂದಿನ ಸರ್ಕಾರದ ಕಾಲದಲ್ಲೇ ಆರಂಭವಾಗಿತ್ತೆಂದು ಅವರು ಕಡತ ತೋರಿಸಿದ್ದು ಸುಳ್ಳಾಗಿರಲಿಲ್ಲ. ಸಂಪುಟದ ಮುಂದಿಡಲು ಸಹಿ ಹಾಕಿದ್ದನ್ನು ಸಿದ್ದರಾಮಯ್ಯನವರೇ ಬಳಿಕ ಒಪ್ಪಿಕೊಂಡರು. ಅದಕ್ಕೆ ತಮ್ಮ ಸಮ್ಮತಿ ಇರಲಿಲ್ಲವೆಂಬ ವಿವರಣೆಯನ್ನೂ ಕೊಟ್ಟರು. ಆ ವಿವರಣೆ ಸರಿಯಿರಬಹುದು. ಆದರೆ ನಮ್ಮ ಬೆಂಬಲ ಪಡೆದ ಪಕ್ಷದ ಕಡತದಲ್ಲಿ ಏನಿತ್ತೆಂಬುದು ನಮಗೆ ತಿಳಿದದ್ದು ಎದುರಾಳಿಯ ಬಾಯಿಂದ! ಸದನದ ನಿಯಮಾವಳಿಯನ್ನು ಅಷ್ಟು ಬಲ್ಲವರು ನಮ್ಮ ಪರವಾಗಿ ನಿಂತವರಲ್ಲಿ ಎಷ್ಟು ಮಂದಿಯಿದ್ದಾರೆಂದು ಕೇಳಿಕೊಳ್ಳುವುದೂ ಒಳ್ಳೆಯದು.

ಕೊಬ್ಬರಿಯ ವಿಷಯದಲ್ಲಂತೂ ಲೆಕ್ಕ ಎಲ್ಲರ ಮನೆಯಲ್ಲಿದೆ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 2014ರಲ್ಲಿ ಕ್ವಿಂಟಾಲಿಗೆ 5,500 ರೂಪಾಯಿ, 2025ರಲ್ಲಿ 12,100. 2024ರ ಹಂಗಾಮಿಗೆ ಕೇಂದ್ರದ 12,000ದ ಮೇಲೆ ರಾಜ್ಯದ ಕಾಂಗ್ರೆಸ್ ಸರ್ಕಾರ 1,500 ಸೇರಿಸಿತು. ಕಾಯಿ ಸುಲಿಯುವ, ಕೊಬ್ಬರಿ ಒಡೆಯುವ, ಲಾರಿಗೆ ತುಂಬುವ ನಮ್ಮ ಕುಟುಂಬಗಳ ದುಡಿಮೆಗೆ ಎರಡೂ ಹಣ ಒಂದೇ.

ಬೆಂಬಲವನ್ನು ಷರತ್ತಿಲ್ಲದೆ ಕೊಟ್ಟುಬಿಟ್ಟವರ ಗತಿ ಏನೆಂಬುದನ್ನೂ ನೋಡಿಯಾಯಿತು. 2023ರ ಡಿಸೆಂಬರ್‌ನಲ್ಲಿ ಶಿರವಸ್ತ್ರ ನಿರ್ಬಂಧ ತೆಗೆಯುವುದಾಗಿ ಹೇಳಿದ ಮುಖ್ಯಮಂತ್ರಿಗಳು ಮರುದಿನವೇ 'ಯೋಚಿಸುತ್ತಿದ್ದೇವೆ' ಎಂಬಲ್ಲಿಗೆ ಬಂದರು. ಈ ಮತಗಳು ಬೇರೆಲ್ಲಿಗೂ ಹೋಗುವುದಿಲ್ಲವೆಂಬ ಧೈರ್ಯ ಅವರಿಗಿದ್ದರೆ ಆಶ್ಚರ್ಯವೇನು?

ಈಗ ಹೇಮಾವತಿ. ನಾಲೆಯ ನೀರನ್ನು ಕುಣಿಗಲ್, ಮಾಗಡಿಗಳತ್ತ ಒಯ್ಯುವ ಲಿಂಕ್ ಕಾಲುವೆಯ ವಿರುದ್ಧ 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲೂಕಿನಲ್ಲಿ ನಡೆದ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ತುರುವೇಕೆರೆಯ ಜೆಡಿಎಸ್ ಶಾಸಕ ಎಂ.ಟಿ. ಕೃಷ್ಣಪ್ಪ ಒಬ್ಬರು. ಅದೇ ವರ್ಷದ ಮಾರ್ಚ್‌ನಲ್ಲಿ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಮದ್ಯ ಉಚಿತವಾಗಿ ಕೊಡಿ ಎಂದು ಸದನದಲ್ಲಿ ಹೇಳಿದವರೂ ಅವರೇ! ಮದ್ಯದ ಮಾತು ನಾಚಿಕೆಗೇಡು. ನೀರಿನ ಹೋರಾಟ ನಮ್ಮ ತೆಂಗಿನ ಬುಡದ ಪ್ರಶ್ನೆ. ಅವರು ಮತ ಕೇಳಲು ಮೊಹಲ್ಲಾಕ್ಕೆ ಬಂದಾಗ ಜಮಾಅತಿನ ಹಿರಿಯರು ನೀರಿಗಾಗಿ ನಿಂತದ್ದಕ್ಕೆ ಮೊದಲು ಧನ್ಯವಾದ ಹೇಳಲಿ. ಬಳಿಕ ಕೂರಿಸಿ ಕೇಳಲಿ: ದೇವೇಗೌಡರ ಸರ್ಕಾರ 1995ರಲ್ಲಿ ಜಾರಿಗೊಳಿಸಿದ ನಮ್ಮ ಶೇಕಡಾ 4ರ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಕಿತ್ತುಹಾಕಲು ಹೊರಟ ಪಕ್ಷದೊಂದಿಗೆ, ಆರೇ ತಿಂಗಳಲ್ಲಿ ನಿಮ್ಮ ಪಕ್ಷ ಕೈ ಜೋಡಿಸಿತಲ್ಲ, ಆಗ ನಮ್ಮ ಮೀಸಲಾತಿಯ ಬಗ್ಗೆ ಅವರೊಂದಿಗೆ ಏನು ಮಾತನಾಡಿಕೊಂಡಿರಿ?