ಹಳದಿ ಎಲೆ ರೋಗಕ್ಕೆ ಮದ್ದಿಲ್ಲವೆಂದು ಹೇಳಬೇಕೇ?

ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಡಿಕೆ ಬೆಳೆಗಾರರ ಸಭೆ ಮುಗಿದ ಮೇಲೆ ಹಿರಿಯ ರೈತರೊಬ್ಬರು ನನ್ನನ್ನು ತಮ್ಮ ತೋಟಕ್ಕೆ ಕರೆದೊಯ್ದರು. ಎರಡು ಎಕರೆ ತೋಟ. ಅರ್ಧಕ್ಕಿಂತ ಹೆಚ್ಚು ಮರಗಳಲ್ಲಿ ಸೋಗೆ ತುದಿಯಿಂದ ಹಳದಿಯಾಗುತ್ತಾ ಬಂದಿತ್ತು, ಮಂಡೆ ಚಿಕ್ಕದಾಗಿತ್ತು. ಜಗಲಿಯ ಮೂಲೆಯಲ್ಲಿ ಖಾಲಿ ಕ್ಯಾನುಗಳ ಸಾಲು. ಮೂರು ವರ್ಷಗಳಿಂದ ಅವರು ಊರೂರು ತಿರುಗುವ ಮಾರಾಟಗಾರನೊಬ್ಬನಿಂದ ‘ಹಳದಿ ರೋಗದ ಟಾನಿಕ್’ ಕೊಂಡು ಮರಗಳ ಬುಡಕ್ಕೆ ಸುರಿಯುತ್ತಿದ್ದರು. ಈ ರೋಗವನ್ನು ವಾಸಿ ಮಾಡುವ ಮದ್ದಿಲ್ಲವೆಂದು ನಾನು ಹೇಳಿದೆ. “ಮದ್ದಿಲ್ಲ ಅಂತ ಹೇಳೋಕೆ ನೀವು ಅಷ್ಟು ದೂರದಿಂದ ಬರಬೇಕಿತ್ತಾ ಮಾರಾಯ್ರೆ? ಅವನು ಸುಳ್ಳೇ ಹೇಳಿರಬಹುದು. ಆದ್ರೆ ಅವನು ಹೇಳಿದ ಮೇಲೆ ನನಗೆ ರಾತ್ರಿ ನಿದ್ದೆ ಬಂತು” ಎಂದರು.

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಯಾವ ಭರವಸೆಯೂ ಇಲ್ಲದಿರುವುದಕ್ಕಿಂತ ಸುಳ್ಳು ಭರವಸೆಯೇ ಮೇಲು ಎಂಬ ಅಭಿಪ್ರಾಯ ಅವರೊಬ್ಬರದೇ ಅಲ್ಲ. ಆದ್ದರಿಂದ ಇದನ್ನು ರೈತ ಬಾಂಧವರ ಮುಂದಿಟ್ಟು ಪರಿಶೀಲಿಸುವುದು ಉಚಿತವೆನಿಸುತ್ತದೆ.

ಈ ರೋಗವನ್ನು ಕೇರಳದಲ್ಲಿ 1914ರ ಸುಮಾರಿಗೇ ಗಮನಿಸಲಾಗಿತ್ತು. ನಮ್ಮಲ್ಲಿ ಶೃಂಗೇರಿ, ಕೊಪ್ಪ ಹಾಗೂ ಸುಳ್ಯದ ಕಡೆ ಇದು ತೋಟಗಳನ್ನೇ ಬರಿದು ಮಾಡಿದೆ. ಇದಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಜೀವಿ. ಇದು ಮರದೊಳಗೆ ಆಹಾರ ಸಾಗಿಸುವ ನಾಳಗಳಲ್ಲಿ ವಾಸಿಸುತ್ತದೆ. ರಸ ಹೀರುವ ಒಂದು ಬಗೆಯ ಜಿಗಿಹುಳು ಇದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಆದುದರಿಂದ ಮೇಲೆ ಸಿಂಪಡಿಸಿದ ಶಿಲೀಂಧ್ರನಾಶಕವಾಗಲಿ, ಬುಡಕ್ಕೆ ಸುರಿದ ಟಾನಿಕ್ಕಾಗಲಿ ಅದನ್ನು ಕೊಲ್ಲಲಾರದು. ಅಮೆರಿಕದ ಫ್ಲಾರಿಡಾದಲ್ಲಿ ತೆಂಗಿಗೆ ಬರುವ ಇದೇ ಜಾತಿಯ ರೋಗಕ್ಕೆ ಜೀವಿರೋಧಕ ಔಷಧಿಯನ್ನು ಕಾಂಡಕ್ಕೆ ಚುಚ್ಚುವುದುಂಟು. ಆದರೆ ಅದು ರೋಗವನ್ನು ತಡೆದು ನಿಲ್ಲಿಸುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ, ಚುಚ್ಚುವುದನ್ನು ಬಿಟ್ಟರೆ ರೋಗ ಮರಳುತ್ತದೆ. ಅದೂ ಅಂದಕ್ಕಾಗಿ ಬೆಳೆಸಿದ ಮರಗಳಿಗೆ, ತಿನ್ನುವ ಫಸಲಿಗಲ್ಲ.

ಹಾಗಾದರೆ ಟಾನಿಕ್ಕಿಗೆ ಹೆಸರು ಬರುವುದು ಹೇಗೆ? ಅಡಿಕೆ ಮರ ಹಳದಿಯಾಗುವುದು ಈ ಒಂದೇ ಕಾರಣದಿಂದಲ್ಲ. ಬಸಿಗಾಲುವೆ ಮುಚ್ಚಿ ಬೇರಿನಲ್ಲಿ ನೀರು ನಿಂತರೂ ಹಳದಿ. ಗೊಬ್ಬರ ಸಾಲದಿದ್ದರೂ ಹಳದಿ. ಟಾನಿಕ್ ಹಾಕಿದ ವರ್ಷವೇ ಕಾಲುವೆ ತೆಗೆಸಿ, ಸುಣ್ಣ ಗೊಬ್ಬರ ಕೊಟ್ಟಿದ್ದರೆ ಅಂಥ ತೋಟ ಹಸಿರಾಗುತ್ತದೆ. ಕೀರ್ತಿ ಕ್ಯಾನಿಗೆ ಹೋಗುತ್ತದೆ. ಮೇಲಾಗಿ, ನಿಜವಾದ ಹಳದಿ ರೋಗವೂ ಮಳೆಗಾಲ ಕಳೆದ ಮೇಲೆ ಹೆಚ್ಚು ಎದ್ದು ಕಾಣುವಂಥದು. ಬಣ್ಣ ತುಸು ಮರೆಯಾದಾಗ ವಾಸಿಯಾಯಿತೆಂದು ನಂಬುವುದು ಸಹಜ.

ಇದರಿಂದ ಹಣ ಹೋಗುವುದು ಎಲ್ಲರಿಗೂ ಕಾಣುವ ನಷ್ಟ. ನನ್ನ ದೃಷ್ಟಿಯಲ್ಲಿ ಅದು ಸಣ್ಣದು. ದೊಡ್ಡ ನಷ್ಟ ವರ್ಷಗಳದ್ದು. ಆ ಹಿರಿಯರು ಕಾಳುಮೆಣಸಿನ ಬಳ್ಳಿಗಳನ್ನು ಹಳದಿಯಾದ ಅಡಿಕೆ ಮರಗಳಿಗೇ ಹಬ್ಬಿಸಿದ್ದರು. ಮರ ಉಳಿಯುತ್ತದೆ ಎಂಬ ನಂಬಿಕೆ ಇದ್ದವರು ಬೇರೆಲ್ಲಿ ಹಬ್ಬಿಸಿಯಾರು? ಮರ ಬಿದ್ದರೆ ಬಳ್ಳಿಯೂ ನೆಲಕ್ಕೆ. ಮೂರು ವರ್ಷಗಳ ಹಿಂದೆಯೇ ಸತ್ಯ ತಿಳಿದಿದ್ದರೆ ಸಾಲಿನ ನಡುವೆ ಸಿಲ್ವರ್ ಓಕ್ ಅಥವಾ ಹಾಲುವಾಣ ನೆಟ್ಟಿರುತ್ತಿದ್ದರು. ಅವು ಬಳ್ಳಿ ತಾಳುವಷ್ಟಾಗಲು ಮೂರ್ನಾಲ್ಕು ವರ್ಷ, ಬಳ್ಳಿ ಫಸಲಿಗೆ ಬರಲು ಮತ್ತೆ ಮೂರು ವರ್ಷ. ಅರವತ್ತು ದಾಟಿದವರಿಗೆ ಈ ಲೆಕ್ಕ ಎಷ್ಟು ಭಾರವೆಂದು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ರೋಗ ಹೊಸದಾಗಿ ಕಾಲಿಟ್ಟ ಊರಿನಲ್ಲಿ ರೋಗ ತಗುಲಿದ ಒಂದೆರಡು ಮರಗಳನ್ನು ಕಡಿದು ತೆಗೆದರೆ ಹರಡುವುದು ನಿಧಾನವಾಗುತ್ತದೆ. ಆದರೆ ಮದ್ದು ಹಾಕುತ್ತಿರುವ ಮರವನ್ನು ಯಾರೂ ಕಡಿಯುವುದಿಲ್ಲ. ಅದು ನಿಂತಿರುವಷ್ಟು ಕಾಲ ಜಿಗಿಹುಳು ಅಲ್ಲಿಂದ ಬೇಲಿಯಾಚೆಗೂ ಹೋಗುತ್ತದೆ. ಹೀಗೆ ಒಬ್ಬರ ನಿದ್ದೆಯ ಬೆಲೆಯನ್ನು ಪಕ್ಕದ ತೋಟದವರೂ ತೆರುತ್ತಾರೆ.

ಆದರೂ ಹಿರಿಯರ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ಅವರ ಪಕ್ಕದ ತೋಟದವರು ರೋಗಕ್ಕೆ ಮದ್ದಿಲ್ಲವೆಂದು ಮೊದಲೇ ಕೇಳಿ ತಿಳಿದವರು. ತಿಳಿದು ಕೈ ಚೆಲ್ಲಿದರು. ಕಾಲುವೆ ತೆಗೆಸಲಿಲ್ಲ, ಗೊಬ್ಬರ ನಿಲ್ಲಿಸಿದರು, ಕೊಳೆರೋಗಕ್ಕೆ ಬೋರ್ಡೋ ಸಹ ಹೊಡೆಸಲಿಲ್ಲ. ಹಳದಿ ರೋಗ ಇನ್ನೂ ಮುಟ್ಟದಿದ್ದ ಮರಗಳ ಕಾಯಿಗಳೂ ಕೊಳೆತು ಉದುರಿದವು. ಟಾನಿಕ್ ಸುರಿಯಲೆಂದಾದರೂ ದಿನವೂ ತೋಟಕ್ಕಿಳಿದ ಹಿರಿಯರ ತೋಟವೇ ಎರಡರಲ್ಲಿ ವಾಸಿಯಾಗಿತ್ತು. ಸತ್ಯವನ್ನು ಅರ್ಧಕ್ಕೆ ಹೇಳಿ ಹಿಂತಿರುಗುವ ನಮ್ಮಂಥವರು ಇದನ್ನು ಗಮನಿಸಬೇಕು. ‘ಮದ್ದಿಲ್ಲ’ ಎಂದು ಹೇಳಿ ಜೀಪು ಹತ್ತುವುದು ಸುಲಭ. ಮದ್ದಿಲ್ಲ, ಆದರೆ ಬಸಿದ, ಗೊಬ್ಬರವುಂಡ ಮರ ಹೆಚ್ಚು ಕಾಲ ಫಲ ಕೊಡುತ್ತದೆ. ಅಷ್ಟರಲ್ಲಿ ಕಾಫಿ, ಮೆಣಸು, ಜಾಯಿಕಾಯಿ ಏಳಿಸಬಹುದು ಎಂದು ಕುಳಿತು ಹೇಳಲು ಅರ್ಧ ದಿನ ಬೇಕು.

ಅಡಿಕೆ ಬೆಳೆಗಾರರಿಗೆ ನಿಜವಾದ ಭರವಸೆಯ ಅನುಭವವೂ ಉಂಟು. ಮೈಸೂರು ಸಂಸ್ಥಾನದಲ್ಲಿದ್ದ ಡಾ. ಲೆಸ್ಲಿ ಕೋಲ್ಮನ್‌ರವರು ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದ ಜನ ಕ್ರಮೇಣ ಬೋರ್ಡೋ ಮಿಶ್ರಣಕ್ಕೆ ಒಗ್ಗಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಪಾಕ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದ್ದಿದರೆ ಸಾಕು, ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು. ಟಾನಿಕ್ ಮಾರುವವನನ್ನೂ ಹೀಗೇ ಕೇಳಬಹುದು: ನಿನ್ನ ಮದ್ದಿಗೆ ಅದ್ದಿ ನೋಡುವ ಚಾಕು ಯಾವುದು? ಹತ್ತು ಮರಕ್ಕೆ ಹಾಕಿ, ಪಕ್ಕದ ಹತ್ತು ಮರ ಹಾಗೇ ಬಿಟ್ಟು, ಎರಡು ವರ್ಷ ಕಳೆದ ಮೇಲೆ ಹಣ ತೆಗೆದುಕೊಳ್ಳುವೆಯಾ?

ಇದೇ ಪ್ರಶ್ನೆ ಸಂಶೋಧನೆಗೂ ಅನ್ವಯಿಸುತ್ತದೆ. ರೋಗದ ತೋಟಗಳ ನಡುವೆ ಹಸಿರಾಗಿಯೇ ನಿಂತ ಮರಗಳನ್ನು ಗುರುತಿಸಿ, ಅವುಗಳ ಎಳೆಯ ಹಿಂಗಾರದಿಂದ ಅಂಗಾಂಶ ಕೃಷಿಯ ಮೂಲಕ ಸಸಿ ಬೆಳೆಸುವ ಕೆಲಸವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಕೈಗೊಂಡಿದೆ. ಒಳ್ಳೆಯ ಕೆಲಸ. ಆದರೆ ‘ಸಸಿ ಬಂದೇ ಬರುತ್ತದೆ, ಕಾಯಿರಿ’ ಎಂದು ಸಭೆಗಳಲ್ಲಿ ನಾವು ಹೇಳಿದರೆ ನಮ್ಮದೂ ಒಂದು ಕ್ಯಾನೇ. ನಾನೂ ಒಮ್ಮೆ ಹಾಗೆ ಹೇಳಿದವನೇ.

ಮುಂದಿನ ವರ್ಷ ಆ ಹಿರಿಯರ ಮನೆಗೆ ಮತ್ತೆ ಹೋಗಿದ್ದೆ. ಕ್ಯಾನುಗಳು ಜಗಲಿಯಲ್ಲೇ ಇದ್ದವು, ಮೇಲ್ಭಾಗ ಕತ್ತರಿಸಿ ಮಣ್ಣು ತುಂಬಿ ಮೆಣಸಿನ ಬಳ್ಳಿಯ ತುಂಡು ಊರಿದ್ದರು. “ಇವಕ್ಕೆ ಸೊರಗು ರೋಗ ಬರೋದಿಲ್ವಾ?” ಎಂದು ಕೇಳಿದರು. ಬರಬಹುದು ಎಂದೆ, ನೀರು ನಿಲ್ಲದಂತೆ ನೋಡಿಕೊಂಡು ಬೋರ್ಡೋ ಹೊಡೆದರೆ ಬಹುಮಟ್ಟಿಗೆ ತಡೆಯಬಹುದು ಎಂದೂ ಹೇಳಿದೆ. “ಬಹುಮಟ್ಟಿಗೆ” ಎಂದು ಅವರು ನಕ್ಕು, ಕಾಫಿ ತರಲು ಒಳಗೆ ಹೇಳಿದರು.